ಡ್ರಾಪ್ ಸಿ ಶ್ರುತಿ, ಹಳೇ ಲ್ಯಾಪ್‌ಟಾಪ್, ಲಿನಕ್ಸ್: ಕನ್ನಡ ಮೆಟಲ್ ಡೆಮೊ ಮನೆಯಲ್ಲೇ ರೆಕಾರ್ಡ್ ಮಾಡೋದು ಹೇಗೆ?

ಹೇಮಾವತಿ_ರಿಫ್, ಹಾಸನ

ನಮಸ್ಕಾರ. ನಾಲ್ಕು ಹಾಡಿನ ಕನ್ನಡ ಮೆಟಲ್ ಡೆಮೊ ಸ್ಟುಡಿಯೋಗೆ ಹೋಗದೆ ಮನೆಯಲ್ಲೇ ಮುಗಿಯಬೇಕು. ಗಿಟಾರ್, ಬೇಸ್, ಗಾಯನ ಹಾಸನದಲ್ಲಿ. ಡ್ರಮ್ಮರ್ ಚಿಕ್ಕಮಗಳೂರಿನಲ್ಲಿ ಇರೋದು, ಅವರ ಹತ್ತಿರ ಎಲೆಕ್ಟ್ರಾನಿಕ್ ಕಿಟ್ ಇದೆ.

ಇರುವ ಸಾಮಾನು: ಎರಡು ಕೋರ್‌ನ ಹಳೇ ಐ5 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್ 22, ರೆಕಾರ್ಡಿಂಗ್ ತಂತ್ರಾಂಶ ರೀಪರ್, ಎರಡು ಇನ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸ್. ಗಿಟಾರ್ 25.5 ಇಂಚು ಸ್ಕೇಲ್, ಹಂಬಕರ್ ಪಿಕಪ್, ಹಾರ್ಡ್‌ಟೇಲ್ ಬ್ರಿಜ್. ತಂತಿ 9–42 (ಅತಿ ತೆಳುವಿನಿಂದ ಅತಿ ದಪ್ಪದವರೆಗೆ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ), ಶ್ರುತಿ ಡ್ರಾಪ್ ಸಿ, ಅಂದರೆ ಆರನೇ ತಂತಿ ಸಿ ಸ್ವರಕ್ಕೆ ಇಳಿಸಿದ್ದು.

ತೊಂದರೆಗಳು ಹೀಗಿವೆ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಸಂಸ್ಕರಿಸುವ ಸದ್ದಿನ ಸ್ಯಾಂಪಲ್ ಸಂಖ್ಯೆ) 256ಕ್ಕಿಂತ ಕೆಳಗೆ ಇಳಿಸಿದರೆ ಚಟಪಟ ಸದ್ದು. ಚಾರ್ಜರ್ ಚುಚ್ಚಿದ ತಕ್ಷಣ ಗುಂಯ್ ಅನ್ನುತ್ತೆ. ಆರನೇ ತಂತಿಯಲ್ಲಿ ಪಾಮ್ ಮ್ಯೂಟ್ (ಅಂಗೈ ಅಂಚನ್ನು ಬ್ರಿಜ್ ಹತ್ತಿರ ತಂತಿಗೆ ತಾಗಿಸಿ) ಹೊಡೆದರೆ ಪೆಟ್ಟು ಕೇಳೋದೇ ಇಲ್ಲ, ಬರೀ ಗೊಜ್ಜು. ಬೇರೆ ಆಂಪ್ ಪ್ಲಗಿನ್ ಹಾಕಿದರೆ ಸರಿಹೋಗುತ್ತಾ? ಇನ್ನೊಂದು, ಡ್ರಮ್ಮರ್ ಜೊತೆ ಆನ್‌ಲೈನ್‌ನಲ್ಲಿ ಒಟ್ಟಿಗೆ ನುಡಿಸಿ ರೆಕಾರ್ಡ್ ಮಾಡಬಹುದಾ?

---

ತಂತಿಕೆಲಸ, ಹಾಸನ

ಪ್ಲಗಿನ್ ಬದಲಾಯಿಸೋದನ್ನ ಸದ್ಯಕ್ಕೆ ಬಿಡಿ. ಗೊಜ್ಜು ಶುರುವಾಗೋದು ತಂತಿಯಲ್ಲೇ. ಸಡಿಲ ತಂತಿಯ ಸದ್ದನ್ನು ಯಾವ ಆಂಪ್ ಮಾಡೆಲ್ಲೂ ಬಿಗಿ ಮಾಡಲ್ಲ, ಗೇನ್ ಹೆಚ್ಚಿದಷ್ಟೂ ಆ ಸಡಿಲವೇ ದೊಡ್ಡದಾಗಿ ಕೇಳುತ್ತೆ.

ಲೆಕ್ಕ ನೋಡಿ. ಆರನೇ ತಂತಿ ಸ್ಟ್ಯಾಂಡರ್ಡ್ ಶ್ರುತಿಯಲ್ಲಿ ಇ, 82.4 ಹರ್ಟ್ಸ್. ಡ್ರಾಪ್ ಸಿ ಅಂದರೆ 65.4 ಹರ್ಟ್ಸ್. ತಂತಿಯ ಬಿಗಿ ಆವರ್ತನದ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. 65.4 ಭಾಗಿಸು 82.4 ಅಂದರೆ 0.79, ಅದರ ವರ್ಗ 0.63. ಅಂದರೆ ಅದೇ ತಂತಿ ಇಟ್ಟುಕೊಂಡು ಶ್ರುತಿ ಇಳಿಸಿದಾಗ ಬಿಗಿಯಲ್ಲಿ ಶೇ 37 ಹೋಯಿತು. ಮೊದಲಿನ ಬಿಗಿ ವಾಪಸ್ ಬೇಕಾದರೆ ದಪ್ಪವನ್ನು 1.26ರಿಂದ ಗುಣಿಸಿ. 42ರ ಜಾಗಕ್ಕೆ 53 ಬರುತ್ತೆ. ಆದರೆ 42 ಸ್ಟ್ಯಾಂಡರ್ಡ್ ಶ್ರುತಿಗೇ ಮೆತ್ತಗಿನ ತಂತಿ. ಗಟ್ಟಿಯಾಗಿ ಹೊಡೆಯುವವರಿಗೆ 46ರಿಂದ ಲೆಕ್ಕ ಹಾಕಿ, 58 ಸಿಗುತ್ತೆ. ಮಿಕ್ಕ ಐದು ತಂತಿ ಇಳಿಯೋದು ಎರಡೇ ಅರ್ಧಸ್ವರ, ಅವಕ್ಕೆ 1.12 ಸಾಕು. ಅಂಗಡಿಯಲ್ಲಿ 11–56 ಅಥವಾ 12–56 ಸೆಟ್ ಕೇಳಿ, ಇಷ್ಟಕ್ಕೆ ಸರಿಹೋಗುತ್ತೆ.

ದಪ್ಪ ತಂತಿ ಹಾಕಿದ ಮೇಲೆ ಈ ಕೆಲಸಗಳು ಇದೇ ಕ್ರಮದಲ್ಲಿ ಆಗಲಿ:

ಮೊದಲು ನಟ್, ಅಂದರೆ ಕತ್ತಿನ ತುದಿಯಲ್ಲಿ ತಂತಿ ಕೂರುವ ಕಾಲುವೆಗಳ ಪಟ್ಟಿ. 42ಕ್ಕೆ ಕೊರೆದ ಕಾಲುವೆಯಲ್ಲಿ 56 ಕೂರಲ್ಲ, ವ್ಯತ್ಯಾಸ 0.36 ಮಿ.ಮೀ. ಒತ್ತಿ ಕೂರಿಸಿದರೆ ತಂತಿ ಸಿಕ್ಕಿಕೊಳ್ಳುತ್ತೆ. ಶ್ರುತಿ ಮಾಡುವಾಗ 'ಟಿಂಕ್' ಅಂತ ಸದ್ದು ಬಂದು ಸ್ವರ ಒಮ್ಮೆಲೇ ಹಾರಿದರೆ ಕಾರಣ ಇದೇ. ಹಳೇ ದಪ್ಪ ತಂತಿಯ ತುಂಡಿಗೆ 400ರ ಮರಳು ಕಾಗದ ಸುತ್ತಿ ಕಾಲುವೆಯ ಪಕ್ಕಗಳನ್ನು ಮಾತ್ರ ಅಗಲಿಸಿ. ತಳ ಉಜ್ಜಬೇಡಿ, ಆಳ ಹೆಚ್ಚಾದರೆ ಬಿಟ್ಟ ತಂತಿ ಮೊದಲ ಫ್ರೆಟ್‌ಗೆ ತಾಗಿ ಗರಗರ ಅನ್ನುತ್ತೆ, ಆಮೇಲೆ ನಟ್ಟೇ ಬದಲಾಯಿಸಬೇಕು. ಮೂರನೇ ಫ್ರೆಟ್ ಒತ್ತಿ ಹಿಡಿದಾಗ ಮೊದಲ ಫ್ರೆಟ್ ಮೇಲೆ ತೆಳು ಕಾಗದ ನುಸುಳುವಷ್ಟು ಸಂದು ಇರಬೇಕು. ಕಾಲುವೆಗೆ ಪೆನ್ಸಿಲ್ ಸೀಸ ಉಜ್ಜಿದರೆ ತಂತಿ ಸಲೀಸಾಗಿ ಜಾರುತ್ತೆ.

ಆಮೇಲೆ ಕತ್ತು. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡನ್ನೂ ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ಸಂದು 0.2ರಿಂದ 0.25 ಮಿ.ಮೀ. ಇದೆಯಾ ನೋಡಿ. ಜಾಸ್ತಿ ಇದ್ದರೆ ಟ್ರಸ್ ರಾಡ್ (ಕತ್ತಿನೊಳಗಿನ ಲೋಹದ ಸರಳು) ಬಲಕ್ಕೆ ಕಾಲು ಸುತ್ತು. ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಒಂದೇ ಸಲಕ್ಕೆ ಅರ್ಧ ಸುತ್ತಿಗಿಂತ ಹೆಚ್ಚು ಬೇಡ.

ಕೊನೆಗೆ ಇಂಟೊನೇಷನ್, ಅಂದರೆ ಕತ್ತಿನುದ್ದಕ್ಕೂ ಸ್ವರ ಸರಿಯಾಗಿರೋದು. ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ ಮತ್ತು ಅದೇ ಫ್ರೆಟ್ ಒತ್ತಿದ ಸ್ವರ ಎರಡೂ ಒಂದೇ ಆಗಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ದಪ್ಪ ತಂತಿಗೆ ಸಾಮಾನ್ಯವಾಗಿ ಹಿಂದಕ್ಕೇ ಬೇಕಾಗುತ್ತೆ.

ಶ್ರುತಿ ಮಾಡುವಾಗಲೂ ರಿಫ್ (ಮರಳಿ ಮರಳಿ ಬರುವ ಗಿಟಾರ್ ತುಣುಕು) ಹೊಡೆಯುವಷ್ಟೇ ಜೋರಾಗಿ ಮೀಟಿ. ಮೆಲ್ಲಗೆ ಮೀಟಿ ಶ್ರುತಿ ಮಾಡಿದ ಕೆಳ ತಂತಿ, ಜೋರಾಗಿ ಹೊಡೆದ ಕ್ಷಣದಲ್ಲಿ ಏರಿ ಕೇಳುತ್ತೆ. ಎಡ ಬಲ ಎರಡು ಟೇಕ್ ಸೇರಿಸಿದಾಗ ಬರುವ ಅಪಸ್ವರ ಬಹಳಷ್ಟು ಸಲ ಇದರಿಂದಲೇ.

---

ಮುಳ್ಳಯ್ಯನಗಿರಿ_ಡೂಮ್, ಚಿಕ್ಕಮಗಳೂರು

ತಂತಿಕೆಲಸ ಅವರೇ, ತೆಳು ತಂತಿ ಅಂದರೆ ತಪ್ಪು ಅಂತ ತೀರ್ಮಾನ ಬೇಡ. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ಬೆರಳ ತುದಿ ಕಳೆದುಕೊಂಡ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಟೋನಿ ಐಯೋಮಿ ತೆಳು ತಂತಿ ಹಾಕಿ, 1971ರ ಹೊತ್ತಿಗೆ ಸಿ ಶಾರ್ಪ್‌ವರೆಗೆ ಶ್ರುತಿ ಇಳಿಸಿದರು. ಡೂಮ್ ಅನ್ನೋ ನಿಧಾನಗತಿಯ ಮೆಟಲ್ ಪ್ರಕಾರ ಹುಟ್ಟಿದ್ದೇ ಆ ಜೋತು ಬಿದ್ದ ತಂತಿಯಿಂದ. 70 ಬಿಪಿಎಂನಲ್ಲಿ (ನಿಮಿಷಕ್ಕೆ 70 ಬೀಟ್) ನಿಧಾನಕ್ಕೆ ಎಳೆಯುವ ರಿಫ್‌ಗೆ ಆ ಸಡಿಲವೇ ಚೆಂದ. ಹೇಮಾವತಿ ಅವರ ಹಾಡಿನ ವೇಗ ಎಷ್ಟು ಅಂತ ಗೊತ್ತಾಗಬೇಕು.

ಮಲೆನಾಡಿನ ಕಡೆಯವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾದಾ ನಿಕ್ಕಲ್ ತಂತಿ ಬೇಗ ತುಕ್ಕು ಹಿಡಿಯುತ್ತೆ, ಮೇಲಿನ ಹೊಳಪು ಸತ್ತರೆ ಪಿಕ್‌ನ ಪೆಟ್ಟೂ ಸತ್ತಂತೆ. ನುಡಿಸಿದ ಮೇಲೆ ತಂತಿಯ ಕೆಳಭಾಗವನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಗಿಟಾರ್ ಗೋಡೆಗೆ ನೇತುಹಾಕಬೇಡಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕೋಟೆಡ್ ತಂತಿಗೆ ದುಡ್ಡು ಜಾಸ್ತಿ, ಆದರೆ ಮಳೆಗಾಲದಲ್ಲಿ ಅದೇ ಲಾಭ. ರೆಕಾರ್ಡಿಂಗ್ ದಿನಕ್ಕೆ ಎರಡು ದಿನ ಮುಂಚೆ ಹೊಸ ತಂತಿ ಹಾಕಿ, ಚೆನ್ನಾಗಿ ಎಳೆದು ಎಳೆದು ಹದ ಮಾಡಿ.

---

ಕರ್ನಲ್_ಪ್ಯಾನಿಕ್

ಚಟಪಟ ಸದ್ದಿನ ವಿಷಯ ಹೇಳ್ತೀನಿ. 48,000 ಹರ್ಟ್ಸ್‌ನಲ್ಲಿ ಬಫರ್ 256 ಅಂದರೆ 5.3 ಮಿಲಿಸೆಕೆಂಡ್, 128 ಅಂದರೆ 2.7. ಒಳಗೆ ಹೋಗಿ ಹೊರಗೆ ಬರೋದು, ಯುಎಸ್‌ಬಿ, ಪರಿವರ್ತಕ ಎಲ್ಲ ಸೇರಿದರೆ 128ರಲ್ಲಿ ಒಟ್ಟು ವಿಳಂಬ ಸುಮಾರು 10 ಮಿಲಿಸೆಕೆಂಡ್ ಅಂದುಕೊಳ್ಳಿ. ಸದ್ದು ಗಾಳಿಯಲ್ಲಿ ಮಿಲಿಸೆಕೆಂಡಿಗೆ 34 ಸೆಂ.ಮೀ. ಹೋಗುತ್ತೆ, ಹಾಗಾಗಿ ಇದು ಆಂಪ್‌ನಿಂದ ಮೂರೂವರೆ ಮೀಟರ್ ದೂರ ನಿಂತು ನುಡಿಸಿದ ಹಾಗೆ. ಧಾರಾಳವಾಗಿ ಸಾಕು. 64ರ ಹಿಂದೆ ಬೀಳಬೇಡಿ, ಆ ಲ್ಯಾಪ್‌ಟಾಪ್ ಅದಕ್ಕೆ ಏದುಸಿರು ಬಿಡುತ್ತೆ.

ಮಿಂಟ್ 22ರಲ್ಲಿ ಸದ್ದು ನೋಡಿಕೊಳ್ಳೋದು ಪೈಪ್‌ವೈರ್. ವಾಲ್ಯೂಮ್ ಕಂಟ್ರೋಲ್ ತೆಗೆದು, ಕಾನ್ಫಿಗರೇಷನ್ ಪುಟದಲ್ಲಿ ಇಂಟರ್‌ಫೇಸ್‌ಗೆ 'ಪ್ರೊ ಆಡಿಯೋ' ಪ್ರೊಫೈಲ್ ಆರಿಸಿ. ರೀಪರ್‌ನಲ್ಲಿ ಆಡಿಯೋ ಸಿಸ್ಟಮ್ ಜಾಕ್ ಅಂತ ಇಡಿ, ಪೈಪ್‌ವೈರ್‌ನ ಜಾಕ್ ಪ್ಯಾಕೇಜ್ ಹಾಕಿರಬೇಕು. ಪೈಪ್‌ವೈರ್‌ನ ಕ್ವಾಂಟಮ್ (ಅದರ ಬಫರ್ ಗಾತ್ರ) ಅನ್ನು 128ಕ್ಕೆ ಕಟ್ಟಿಹಾಕಿ, ಇಲ್ಲದಿದ್ದರೆ ಬ್ರೌಸರ್ ತೆಗೆದಾಗ ಅದು ತಾನೇ ಬದಲಾಗಬಹುದು. ನಿಮ್ಮ ಬಳಕೆದಾರರ ಖಾತೆ 'ಆಡಿಯೋ' ಗುಂಪಿನಲ್ಲಿ ಇರಲಿ, ಆ ಗುಂಪಿಗೆ ರಿಯಲ್‌ಟೈಮ್ ಆದ್ಯತೆಯ ಅನುಮತಿಯೂ ಬೇಕು. ಸಿಪಿಯು ಗವರ್ನರ್ 'ಪರ್ಫಾರ್ಮೆನ್ಸ್'ನಲ್ಲಿರಲಿ. ಗಡಿಯಾರದ ವೇಗ ಏರಿಳಿಯುವ ಸಮಯದಲ್ಲೇ ಬಹಳಷ್ಟು ಚಟಪಟ ಬರೋದು. ರೆಕಾರ್ಡ್ ಮಾಡುವಾಗ ವೈಫೈ ಆಫ್. ಇಂಟರ್‌ಫೇಸ್ ನೇರವಾಗಿ ಲ್ಯಾಪ್‌ಟಾಪ್‌ನ ಪೋರ್ಟ್‌ಗೆ ಚುಚ್ಚಿ, ಮೌಸ್ ಜೊತೆ ಹಬ್‌ನಲ್ಲಿ ಬೇಡ.

ಆಂಪ್‌ಗೆ ನ್ಯೂರಲ್ ಆಂಪ್ ಮಾಡೆಲರ್ ಸಾಕು, ಎಲ್ಲರೂ ನ್ಯಾಮ್ ಅನ್ನೋದು ಇದನ್ನೇ. ಸ್ಟೀವನ್ ಆಟ್ಕಿನ್ಸನ್ ಬರೆದದ್ದು, ಮುಕ್ತ ತಂತ್ರಾಂಶ. ನಿಜವಾದ ಆಂಪ್‌ಗೆ ಸುಮಾರು ಮೂರು ನಿಮಿಷದ ಪರೀಕ್ಷಾ ಸದ್ದು ಕಳಿಸಿ, ಹೊರಬಂದದ್ದನ್ನು ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸುತ್ತಾರೆ. ಅದೇ ಮಾಡೆಲ್ ಫೈಲ್. ಮೆಟಲ್ ಕೇಳುವ ಪ್ರೋಗ್ರಾಮರ್‌ಗಳು ದುಬಾರಿ ಆಂಪ್‌ಗಳನ್ನೆಲ್ಲ ಹೀಗೆ ಸೆರೆಹಿಡಿದು ಪುಕ್ಕಟೆ ಹಂಚಿದ್ದಾರೆ, ಇದು ಸಣ್ಣ ಉಪಕಾರವಲ್ಲ. 2000ದ ದಶಕದಲ್ಲಿ ಪೆರಿಫೆರಿ ಬ್ಯಾಂಡಿನ ಮಿಶಾ ಮನ್ಸೂರ್ 'ಬಲ್ಬ್' ಹೆಸರಿನಲ್ಲಿ ಮನೆಯಲ್ಲಿ ಮಾಡಿದ ರೆಕಾರ್ಡಿಂಗ್‌ಗಳನ್ನು ಇಂಟರ್ನೆಟ್‌ಗೆ ಹಾಕುತ್ತಿದ್ದಾಗ ಇಂಥ ಅನುಕೂಲ ಇರಲಿಲ್ಲ.

ಲಿನಕ್ಸ್‌ನಲ್ಲಿ ನ್ಯಾಮ್ ಫೈಲ್ ಓದಲು 'ರಾಟಟೂಯಿ' ಅನ್ನೋ ಪ್ಲಗಿನ್ ಹಾಕಿ, ಕ್ಯಾಬಿನೆಟ್‌ನ ಐಆರ್ ಫೈಲನ್ನೂ (ಸ್ಪೀಕರ್ ಪೆಟ್ಟಿಗೆಯ ಸದ್ದಿನ ಗುಣ ಸೆರೆಹಿಡಿದದ್ದು) ಅದೇ ಲೋಡ್ ಮಾಡುತ್ತೆ. ಮಾಡೆಲ್ ಆಂಪ್ ಹೆಡ್‌ದು ಮಾತ್ರ ಆಗಿದ್ದರೆ ಐಆರ್ ಬೇಕೇ ಬೇಕು, ಇಲ್ಲದಿದ್ದರೆ ಜೇನುಹುಳ ಡಬ್ಬಿಗೆ ಹೊಕ್ಕಂತೆ ಕೇಳುತ್ತೆ. ಮಾಡೆಲ್‌ನಲ್ಲೇ ಕ್ಯಾಬಿನೆಟ್ ಸೇರಿದ್ದರೆ ಮತ್ತೆ ಐಆರ್ ಹಾಕಬೇಡಿ, ಕಂಬಳಿ ಹೊದಿಸಿದಂತಾಗುತ್ತೆ.

ಮುಖ್ಯ ವಿಷಯ: ಮಾಡೆಲ್‌ಗಳಲ್ಲಿ ಸ್ಟ್ಯಾಂಡರ್ಡ್, ಲೈಟ್, ಫೆದರ್, ನ್ಯಾನೋ ಅಂತ ಗಾತ್ರಗಳಿವೆ. ನುಡಿಸುವಾಗ ಕಿವಿಗೆ ನ್ಯಾನೋ ಅಥವಾ ಫೆದರ್ ಸಾಕು. ಆದರೆ ರೆಕಾರ್ಡ್ ಆಗಬೇಕಾದದ್ದು ಪ್ಲಗಿನ್ ಇಲ್ಲದ ಒಣ ಡಿಐ ಸದ್ದು. ನುಡಿಸಿ ಮುಗಿದ ಮೇಲೆ ಬಫರ್ 1024ಕ್ಕೆ ಏರಿಸಿ, ಸ್ಟ್ಯಾಂಡರ್ಡ್ ಮಾಡೆಲ್ ಹಾಕಿ, ಟ್ರ್ಯಾಕ್ ಫ್ರೀಜ್ ಮಾಡಿ, ಅಂದರೆ ಪ್ಲಗಿನ್ ಸಮೇತ ಆಡಿಯೋ ಆಗಿ ಇಳಿಸಿ. ಎರಡು ಕೋರ್ ಅನ್ನೋ ಚಿಂತೆಯೇ ಇರಲ್ಲ.

ಇನ್‌ಪುಟ್‌ನಲ್ಲಿ 'ಇನ್‌ಸ್ಟ್ರುಮೆಂಟ್' ಗುಂಡಿ ಒತ್ತಿದೆಯಾ ನೋಡಿ. ಗಿಟಾರ್‌ಗೆ 1 ಮೆಗಾಓಮ್ ಆಸುಪಾಸಿನ ಇನ್‌ಪುಟ್ ಬೇಕು, ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಮೇಲಿನ ಸ್ವರವೆಲ್ಲ ನುಂಗಿಹೋಗುತ್ತೆ. ಅತಿ ಜೋರಾಗಿ ಹೊಡೆದಾಗ ಮೀಟರ್ ಮೈನಸ್ 10 ಡೆಸಿಬಲ್ ಹತ್ತಿರ ಇದ್ದರೆ ಸಾಕು.

---

ತಂತಿಕೆಲಸ, ಹಾಸನ

ಗುಂಯ್ ಸದ್ದಿಗೆ: ಚಾರ್ಜರ್ ತೆಗೆದಾಗ ನಿಲ್ಲುತ್ತೆ ಅಂದರೆ ದೋಷ ಗಿಟಾರ್‌ನದ್ದಲ್ಲ, ಕರೆಂಟಿನ ಕಡೆಯದು. ಎರಡು ಪಿನ್ನಿನ ಚಾರ್ಜರ್‌ಗೆ, ಅಥವಾ ಮೂರು ಪಿನ್ ಇದ್ದರೂ ಎರಡು ಪಿನ್ನಿನ ಅಡಾಪ್ಟರ್ ಮೂಲಕ ಚುಚ್ಚಿದ ಚಾರ್ಜರ್‌ಗೆ, ಅರ್ತಿಂಗ್ ಸಿಗಲ್ಲ. ಹಳೇ ಮನೆಗಳಲ್ಲಿ ಸಾಕೆಟ್‌ನ ಮೇಲಿನ ತೂತಿಗೆ ವೈರೇ ಎಳೆದಿರಲ್ಲ. ವೈರ್‌ಮನ್ ಕರೆಸಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ವೋಲ್ಟೇಜ್ ಅಳೆಸಿ, ಒಂದೆರಡು ವೋಲ್ಟ್‌ಗಿಂತ ಬಹಳ ಹೆಚ್ಚಿದ್ದರೆ ಅರ್ತ್ ಸರಿಯಿಲ್ಲ. ಇದ್ದಿಲು, ಉಪ್ಪು ತುಂಬಿದ ಹಳೇ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿರುತ್ತೆ, ಆಗಾಗ ನೀರು ಹಾಕಬೇಕು.

ಸದ್ದು ಹೋಗಲಿ ಅಂತ ಅರ್ತ್ ಪಿನ್ ಮುರಿಯೋದು, ಟೇಪ್ ಸುತ್ತೋದು ಖಂಡಿತ ಬೇಡ. ಗಿಟಾರ್‌ನ ತಂತಿ ನೇರ ನಿಮ್ಮ ಕೈಯಲ್ಲಿರುತ್ತೆ, ಪ್ರಾಣಕ್ಕೇ ಅಪಾಯ.

ವೈರಿಂಗ್ ಸರಿಯಾಗೋವರೆಗೆ ಬ್ಯಾಟರಿಯಲ್ಲೇ ಟೇಕ್ ತೆಗೆದುಕೊಳ್ಳಿ, ಟೇಕ್‌ಗಳ ನಡುವೆ ಚಾರ್ಜ್ ಮಾಡಿ. ಫ್ಯಾನ್ ರೆಗ್ಯುಲೇಟರ್ ಪೂರ್ತಿ ಆಫ್. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡಿದರೆ ಕರಕರ ಸದ್ದು ಖಚಿತ. ಗುಡುಗು ಮಿಂಚು ಬಂದರೆ ಎಲ್ಲ ಕಿತ್ತಿಡಿ.

---

ಮುಳ್ಳಯ್ಯನಗಿರಿ_ಡೂಮ್, ಚಿಕ್ಕಮಗಳೂರು

ಆನ್‌ಲೈನ್‌ನಲ್ಲಿ ಒಟ್ಟಿಗೆ ನುಡಿಸೋ ಯೋಚನೆ ಬೇಡ. ಜಾಮುಲಸ್ ಥರದ ತಂತ್ರಾಂಶ ಇದೆ, ನಿಧಾನದ ಹಾಡಿಗೆ ನಡೆಯುತ್ತೆ. ಹಾಸನಕ್ಕೂ ಚಿಕ್ಕಮಗಳೂರಿಗೂ 60 ಕಿ.ಮೀ. ಅಷ್ಟೇ, ಆದರೆ ಡೇಟಾ ಬೇಲೂರಿನ ರಸ್ತೆ ಹಿಡಿದು ಬರಲ್ಲ, ಎಲ್ಲೆಲ್ಲೋ ಸುತ್ತಿ ಬರುತ್ತೆ. ಎರಡೂ ಕಡೆಯ ಬಫರ್ ಸೇರಿ 40 ಮಿಲಿಸೆಕೆಂಡ್ ಆಯಿತು ಅಂದುಕೊಳ್ಳಿ. 180 ಬಿಪಿಎಂನಲ್ಲಿ ಒಂದು ಹದಿನಾರನೇ ಸ್ವರ 83 ಮಿಲಿಸೆಕೆಂಡ್. ಅಂದರೆ ಅರ್ಧ ಸ್ವರದಷ್ಟು ಹಿಂದೆ, ಡಬಲ್ ಕಿಕ್ ಕೂರೋದೇ ಇಲ್ಲ.

ಬದಲಿಗೆ ಹೀಗೆ ಮಾಡಿ. ಮೊದಲು ಟೆಂಪೋ ಮ್ಯಾಪ್ (ಯಾವ ಬಾರ್ ಯಾವ ವೇಗ ಅನ್ನೋ ಪಟ್ಟಿ) ಒಪ್ಪಿಕೊಳ್ಳಿ, ಅದನ್ನು ಮಿಡಿ ಫೈಲಾಗಿ (ಸದ್ದಲ್ಲ, ಸ್ವರ ಮತ್ತು ಕಾಲದ ದಾಖಲೆ) ಇಬ್ಬರೂ ಇಟ್ಟುಕೊಳ್ಳಿ. ಎರಡು ಬಾರ್ ಎಣಿಕೆ ಬಿಟ್ಟು ಹಾಡು ಶುರು. ಒರಟು ಗಿಟಾರ್ ಟ್ರ್ಯಾಕ್ ಕಳಿಸಿ, ಡ್ರಮ್ಮರ್ ಅದರ ಮೇಲೆ ನುಡಿಸಿ ಮಿಡಿ ಮಾತ್ರ ವಾಪಸ್ ಕಳಿಸಲಿ. ಕೆಲವೇ ಕೆಬಿ, ಮೊಬೈಲ್ ಡೇಟಾದಲ್ಲೂ ಬರುತ್ತೆ. ಸದ್ದಿಗೆ ಡ್ರಮ್‌ಗಿಜ್ಮೊ ಅನ್ನೋ ಡ್ರಮ್ ಪ್ಲಗಿನ್ ಇದೆ, ಪುಕ್ಕಟೆ. ಅದರ ಕ್ರೋಸೆಲ್ ಕಿಟ್ ಮೆಟಲ್‌ಗೆ ಒಗ್ಗುತ್ತೆ. ರ‍್ಯಾಮ್ ತುಂಬ ತಿನ್ನುತ್ತೆ, 8 ಜಿಬಿಯಲ್ಲಿ ಡಿಸ್ಕ್ ಸ್ಟ್ರೀಮಿಂಗ್ ಆನ್ ಮಾಡಿ, ಡ್ರಮ್ ಮುಗಿದ ಮೇಲೆ ಆಡಿಯೋ ಆಗಿ ಇಳಿಸಿ ಪ್ಲಗಿನ್ ತೆಗೆದುಬಿಡಿ. ಮಿಡಿಯ ಸಮಯವನ್ನು ನೂರಕ್ಕೆ ನೂರು ಗೆರೆಗೆ ಕೂರಿಸಬೇಡಿ, ಸ್ನೇರ್‌ನ ಉಸಿರು ಹೋಗುತ್ತೆ.

ಆಡಿಯೋ ಕಳಿಸುವಾಗ ಎಂಪಿ3 ಬೇಡ, ಅದು ಶುರುವಿನಲ್ಲಿ ಚೂರು ಮೌನ ಸೇರಿಸಿ ಜಾಗ ತಪ್ಪಿಸುತ್ತೆ. 48 ಕಿಲೋಹರ್ಟ್ಸ್, 24 ಬಿಟ್ ಮೋನೋ ನಿಮಿಷಕ್ಕೆ 8.6 ಎಂಬಿ. ಫ್ಲ್ಯಾಕ್ ಮಾಡಿದರೆ ಇನ್ನೂ ಚಿಕ್ಕದು. ಎಲ್ಲ ಫೈಲೂ ಮೊದಲ ಬಾರ್‌ನಿಂದಲೇ ಶುರುವಾಗಲಿ, ಗಿಟಾರ್ ಒಂದೂವರೆ ನಿಮಿಷದ ಮೇಲೆ ಬರುವುದಾದರೂ.

---

ಹೇಮಾವತಿ_ರಿಫ್, ಹಾಸನ

ಎಲ್ಲರಿಗೂ ತುಂಬಾ ಧನ್ಯವಾದ. 128ರಲ್ಲಿ ಈಗ ಚಟಪಟ ಇಲ್ಲ. ಬ್ಯಾಟರಿಯಲ್ಲಿ ಗುಂಯ್ ಇಲ್ಲ. 12–56 ಹಾಕಿದ ಮೇಲೆ ಪೆಟ್ಟು ಕೇಳ್ತಿದೆ. ವೇಗ 140ರಿಂದ 180, ಡೂಮ್ ಅಲ್ಲ. ಎರಡು ಪ್ರಶ್ನೆ ಉಳಿದಿವೆ. ರಿಫ್ ತಟ್ಟನೆ ನಿಲ್ಲೋ ಕಡೆ ಶ್ ಅನ್ನೋ ಸದ್ದು ತುಂಬಿಕೊಳ್ಳುತ್ತೆ, ಮತ್ತು ಬೇಸ್ ಸೇರಿಸಿದರೆ ಮತ್ತೆ ಮಂಕು. ಇನ್ನೊಂದು, ಗುರುಗುಟ್ಟುವ ಗಾಯನ ಅಂದರೆ ಗ್ರೌಲ್‌ನಲ್ಲಿ ಕನ್ನಡ ಪದ ಯಾವುದೂ ಅರ್ಥ ಆಗ್ತಿಲ್ಲ.

---

ಕರ್ನಲ್_ಪ್ಯಾನಿಕ್

ಶ್ ಸದ್ದಿಗೆ ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಇಳಿದರೆ ಮುಚ್ಚಿಬಿಡುವ ಪ್ಲಗಿನ್) ಅನ್ನು ಆಂಪ್ ಆದಮೇಲೆ ಇಡಿ, ಆದರೆ ಅದಕ್ಕೆ ಸೂಚನೆ ಒಣ ಡಿಐನಿಂದ ಬರಲಿ. ಡಿಸ್ಟಾರ್ಷನ್ ಆದಮೇಲೆ ಸ್ವರಕ್ಕೂ ಗದ್ದಲಕ್ಕೂ ಎತ್ತರದ ವ್ಯತ್ಯಾಸವೇ ಉಳಿದಿರಲ್ಲ, ಗೇಟ್‌ಗೆ ಗೊಂದಲ. ಡಿಐನಲ್ಲಿ ಆ ವ್ಯತ್ಯಾಸ ಸ್ಪಷ್ಟ. ಎಲ್‌ಎಸ್‌ಪಿ ಪ್ಲಗಿನ್‌ಗಳ ಗೇಟ್‌ನಲ್ಲಿ ಸೈಡ್‌ಚೈನ್ (ಬೇರೆ ಸದ್ದಿನಿಂದ ಸೂಚನೆ ಪಡೆಯುವ ಸೌಲಭ್ಯ) ಇದೆ. ಅಟ್ಯಾಕ್ 1 ಮಿಲಿಸೆಕೆಂಡ್‌ಗಿಂತ ಕಡಿಮೆ, ರಿಲೀಸ್ 40ರಿಂದ 80.

ಆಂಪ್‌ಗೆ ಮುಂಚೆ ಟ್ಯೂಬ್ ಸ್ಕ್ರೀಮರ್ ಪೆಡಲ್ ಮಾದರಿ ಹಾಕಿ, ಗಿಟಾರಿಕ್ಸ್ ಗುಂಪಿನಲ್ಲಿ ಸಿಗುತ್ತೆ. ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ನಡುವೆ. ಆ ಸರ್ಕ್ಯೂಟ್ 720 ಹರ್ಟ್ಸ್‌ಗಿಂತ ಕೆಳಗಿನದಕ್ಕೆ ಬಲ ಕೊಡಲ್ಲ, ಹಾಗಾಗಿ ಆಂಪ್‌ಗೆ ಬರೋ ಮೊದಲೇ ಮಣ್ಣು ಸೋಸಿದಂತೆ. ಆಮೇಲೆ ಆಂಪ್‌ನ ಗೇನ್ ಈಗಿರೋದರ ಮುಕ್ಕಾಲಿಗೆ ಇಳಿಸಿ. ಒಂದೇ ಟ್ರ್ಯಾಕ್ ಕೇಳಿದರೆ ಬಡವಾಗಿ ಕೇಳುತ್ತೆ, ಹೆದರಬೇಡಿ. ಅದೇ ರಿಫ್ ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಪೂರ್ತಿ ಎಡ, ಪೂರ್ತಿ ಬಲಕ್ಕೆ ಹಾಕಿದಾಗ ತುಂಬಿಕೊಳ್ಳುತ್ತೆ. ಒಂದೇ ಟೇಕ್ ನಕಲು ಮಾಡಿ ಎರಡು ಕಡೆ ಇಟ್ಟರೆ ಅಗಲ ಬರಲ್ಲ, ಬರೀ ಜೋರಾಗುತ್ತೆ.

ಮಂಕು ಹೋಗೋಕೆ: ಗಿಟಾರ್ ಅನ್ನು 90 ಹರ್ಟ್ಸ್‌ನಿಂದ ಕೆಳಗೆ, 9 ಕಿಲೋಹರ್ಟ್ಸ್‌ನಿಂದ ಮೇಲೆ ಕತ್ತರಿಸಿ. ಹೌದು, ಸಿಯ ಮೂಲ ಸ್ವರ 65ರಲ್ಲೇ ಇರೋದು, ಆ ಜಾಗ ಬೇಸ್‌ಗೆ ಬಿಟ್ಟುಕೊಡಿ. ಪಾಮ್ ಮ್ಯೂಟ್‌ನಲ್ಲಿ ಮಾತ್ರ ಉಬ್ಬುವ 120ರಿಂದ 250ರ ಭಾಗಕ್ಕೆ ಮಲ್ಟಿಬ್ಯಾಂಡ್ ಕಂಪ್ರೆಸರ್, 3–4 ಡೆಸಿಬಲ್ ಇಳಿದರೆ ಸಾಕು.

---

ಗುರು_ಲಘು, ಚಿಕ್ಕಮಗಳೂರು

ಪದ ಅರ್ಥವಾಗದಿರಲು ಕಾರಣ ಹೆಚ್ಚಾಗಿ ಗಂಟಲಲ್ಲ, ಸಾಹಿತ್ಯ ಕೂರಿಸಿದ ರೀತಿ. ಗ್ರೌಲ್‌ನಲ್ಲಿ ಸ್ವರಗಳ ಬಣ್ಣ ಮಾಸುತ್ತದೆ, ಅ ಮತ್ತು ಒ ಒಂದೇ ಥರ ಕೇಳುತ್ತವೆ. ಉಳಿಯುವುದು ವ್ಯಂಜನ ಮತ್ತು ಕಾಲ. ಕನ್ನಡದ ಪದಗಳು ಬಹುತೇಕ ಸ್ವರದಲ್ಲೇ ಮುಗಿಯುತ್ತವೆ, ಹಾಗಾಗಿ ಸಾಲಿನ ಕೊನೆಯಲ್ಲಿ ಪೆಟ್ಟು ಹುಡುಕಿದರೆ ಸಿಗುವುದಿಲ್ಲ. ಪೆಟ್ಟು ಇರುವುದು ಪದದ ಹೊಟ್ಟೆಯಲ್ಲಿ, ಒತ್ತಕ್ಷರದಲ್ಲಿ. 'ಬೆಟ್ಟ', 'ಕೆಚ್ಚು', 'ಕಪ್ಪು' ಹೇಳಿನೋಡಿ. ಒತ್ತಿಗೆ ಮುಂಚೆ ಬಾಯಿ ಒಂದು ಕ್ಷಣ ಪೂರ್ತಿ ಮುಚ್ಚುತ್ತದೆ. ಆ ಮೌನದ ಮೇಲೆ ಗಿಟಾರ್ ನಿಲ್ಲಿಸಿ, ಒತ್ತು ಸಿಡಿಯುವಾಗ ಸ್ನೇರ್ ಬರಲಿ. ಪದ ತಾನಾಗಿ ಕೇಳುತ್ತದೆ.

ಛಂದಸ್ಸು ಮೆಟಲ್‌ಗೆ ಹೇಳಿ ಮಾಡಿಸಿದ್ದು. ಭಾಮಿನಿ ಷಟ್ಪದಿಯ ಸಾಲು 3+4, 3+4. ಒಂದು ಮಾತ್ರೆಗೆ ಒಂದು ಎಂಟನೇ ಸ್ವರ ಕೊಟ್ಟರೆ ಪ್ರತಿ 3+4 ಒಂದು 7/8 ಬಾರ್, ನಮ್ಮ ಮಿಶ್ರ ಛಾಪು ತಾಳದ ನಡೆಯೇ. ಉದಾಹರಣೆಗೆ ಈ ಎರಡು ಸಾಲು ಕಟ್ಟಿದ್ದೇನೆ:

ಬೆಟ್ಟ | ಸೀಳಿತು | ಕಪ್ಪು | ಮೋಡವು
ಪಟ್ಟು | ಬಿಡದೆಯೆ | ಸುರಿವ | ಮಳೆಯಲಿ

ಮೊದಲ ಸಾಲಿನ ಪ್ರತಿ ಗಣವೂ ಗುರುವಿನಿಂದ ಶುರು, ಅಲ್ಲಿ ಬಿಟ್ಟ ಸಿ ತಂತಿಯ ಪೆಟ್ಟು ಇಡಿ. ಎರಡನೆಯದರಲ್ಲಿ 'ಪಟ್ಟು' ಆದಮೇಲೆ ಎಲ್ಲವೂ ಲಘು, ಡಬಲ್ ಕಿಕ್ ಓಡಿಸಲು ಅದೇ ಜಾಗ. ಗಣದ ಆರಂಭದಲ್ಲಿ ಲಘುವಿನ ಹಿಂದೆಯೇ ಗುರು ಬರದಂತೆ ಬರೆಯಿರಿ, ಬಂದರೆ ಒತ್ತು ಎರಡನೇ ಅಕ್ಷರಕ್ಕೆ ಜಾರಿ ರಿಫ್ ಜೊತೆ ಜಗಳವಾಡುತ್ತದೆ.

ಮೂರು ಮತ್ತು ಆರನೇ ಸಾಲಿನಲ್ಲಿ 3+4 ಮೂರು ಸಲ ಬಂದು ಕೊನೆಗೆ ಒಂದು ಗುರು, ಒಟ್ಟು 23 ಮಾತ್ರೆ. ಆ ಕೊನೆಯ ಗುರುವನ್ನು ಒಂದು ಇಡೀ ಬಾರ್ ಎಳೆಯಿರಿ. ಉದ್ದನೆಯ ಗ್ರೌಲ್‌ಗೆ ಅದಕ್ಕಿಂತ ಒಳ್ಳೆಯ ತಾಣ ಇಲ್ಲ, ಉಸಿರು ತೆಗೆದುಕೊಳ್ಳಲೂ ಅಲ್ಲೇ ಜಾಗ ಸಿಗುತ್ತದೆ. ಹೀಗೆ ಒಂದು ಷಟ್ಪದಿಗೆ 2+2+4+2+2+4, ಸರಿಯಾಗಿ 16 ಬಾರ್.

ಮೈಕ್ ಡೈನಮಿಕ್ ಇರಲಿ, ಬಾಯಿಂದ ನಾಲ್ಕು ಬೆರಳು ದೂರ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ವ್ಯಂಜನಗಳೆಲ್ಲ ಸಾಯುತ್ತವೆ. ಗಂಟಲು ಉರಿ ಶುರುವಾದರೆ ಆ ದಿನಕ್ಕೆ ನಿಲ್ಲಿಸಿ. ಸರಿಯಾದ ಗ್ರೌಲ್‌ಗೆ ಒತ್ತಡ ಹೊಟ್ಟೆಯಿಂದ ಬರಬೇಕು, ಗಂಟಲಲ್ಲಿ ನೋವಿರಬಾರದು.

ಡ್ರಮ್ಮರ್‌ಗೆ ಟೆಂಪೋ ಮ್ಯಾಪ್ ಕಳಿಸುವ ಮುಂಚೆ ಅದರಲ್ಲಿ 7/8 ಅಂತ ಹಾಕಿರಿ. ಕ್ಲಿಕ್‌ನ ಗಟ್ಟಿ ಪೆಟ್ಟು ಒಂದನೇ ಮತ್ತು ನಾಲ್ಕನೇ ಸ್ವರದ ಮೇಲೆ ಬರಲಿ. 4+3 ಅಂತ ಎಣಿಸಿ ನುಡಿಸಿಬಿಟ್ಟರೆ ಇಡೀ ಪದ್ಯ ಮತ್ತೆ ರೆಕಾರ್ಡ್ ಮಾಡಬೇಕಾಗುತ್ತದೆ.